ಪಟ್ಟಕ್ಕೆ ಕಾವಲು ಯಾರು: ಅಮೆರಿಕದ ಮಹಿಳಾ ಓಪನ್ ಗಾಲ್ಫ್ ನಡೆದುಬಂದ ದಾರಿ

ಮಹಿಳಾ ವೃತ್ತಿಪರ ಗಾಲ್ಫ್‌ಗೆ 2025 ಎರಡು ಕಾರಣಕ್ಕೆ ನೆನಪಿನ ವರ್ಷ. ಆ ವರ್ಷ ವಿಸ್ಕಾನ್ಸಿನ್ ರಾಜ್ಯದ ಎರಿನ್ ಹಿಲ್ಸ್‌ನಲ್ಲಿ ಅಮೆರಿಕದ ಮಹಿಳಾ ಓಪನ್ ಚಾಂಪಿಯನ್‌ಷಿಪ್ ಎಂಬತ್ತನೆಯ ಬಾರಿ ನಡೆದು ಸ್ವೀಡನ್ನಿನ ಮಾಯಾ ಸ್ಟಾರ್ಕ್ ಪಟ್ಟವೇರಿದರು. ಮಹಿಳಾ ವೃತ್ತಿಪರ ಆಟಗಾರ್ತಿಯರ ಸಂಘವಾದ ಎಲ್‌ಪಿಜಿಎಗೆ ಎಪ್ಪತ್ತೈದು ತುಂಬಿದ್ದೂ ಅದೇ ವರ್ಷ. ಇಂಥ ಸಂದರ್ಭಗಳಲ್ಲಿ ಗೆದ್ದವರ ಹೆಸರು, ಹೊಡೆತಗಳ ಲೆಕ್ಕ, ಬೆಳೆದುಬಂದ ಬಹುಮಾನದ ಮೊತ್ತ ಇವುಗಳನ್ನು ಸಾಲಾಗಿ ಜೋಡಿಸುವುದು ವಾಡಿಕೆ. ಆ ಪಟ್ಟಿ ಬೇಕಾದದ್ದೇ. ಆದರೆ ಈ ಚಾಂಪಿಯನ್‌ಷಿಪ್ ಏಕೆ ಉಳಿಯಿತು, ಇದರ ಜೊತೆಗೆ ಹುಟ್ಟಿದ, ಇದಕ್ಕಿಂತ ಮೊದಲೇ ಹುಟ್ಟಿದ ದೊಡ್ಡ ಟೂರ್ನಿಗಳು ಏಕೆ ಅಳಿದವು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಒಡೆತನದಲ್ಲಿ ಎಂಬುದು ಈ ಲೇಖನದ ವಾದ. ಒಂದು ಪಟ್ಟ ಪ್ರಾಯೋಜಕರ ಕೈಯಲ್ಲಿದ್ದರೆ ಅವರ ವ್ಯಾಪಾರ ಇರುವಷ್ಟು ದಿನ ಬಾಳುತ್ತದೆ. ಸ್ಪರ್ಧಿಗಳ ಕೈಯಲ್ಲಿದ್ದರೆ ನ್ಯಾಯ ಹೇಳುವವರು ಯಾರು ಎಂಬಲ್ಲಿ ತೊಡಕಾಗುತ್ತದೆ. ಗೆಲುವಿನಲ್ಲೂ ಲಾಭದಲ್ಲೂ ಪಾಲಿಲ್ಲದ ಕಾವಲುಗಾರರ ಕೈಗೆ ಬಿದ್ದಾಗ ಮಾತ್ರ ಅದಕ್ಕೆ ದೀರ್ಘಾಯುಷ್ಯ. ತಾವೇ ಕಟ್ಟಿದ ಚಾಂಪಿಯನ್‌ಷಿಪ್ಪನ್ನು 1953ರಲ್ಲಿ ಆಟಗಾರ್ತಿಯರು ತಾವಾಗಿಯೇ ಅಂಥ ಕೈಗೆ ಒಪ್ಪಿಸಿದರು. ಮಹಿಳಾ ಗಾಲ್ಫ್‌ನ ಚರಿತ್ರೆಯಲ್ಲಿ ಅದಕ್ಕಿಂತ ದೂರದೃಷ್ಟಿಯ ತೀರ್ಮಾನ ಮತ್ತೊಂದಿಲ್ಲ.

ಹೆಂಗಸರ ಗಾಲ್ಫ್ ಸ್ಪರ್ಧೆಗಳು ಹೊಸವೇನಲ್ಲ. ಬ್ರಿಟನ್ನಿನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ 1893ರಲ್ಲೇ ಹುಟ್ಟಿ, ಅದೇ ವರ್ಷ ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಹುಟ್ಟಿದ ಮರುವರ್ಷ, 1895ರಲ್ಲಿ, ಮಹಿಳಾ ಹವ್ಯಾಸಿ ಚಾಂಪಿಯನ್‌ಷಿಪ್ ಆರಂಭಿಸಿತು. ಅಂದು ಆಡಿದವರು ಹದಿಮೂರು ಮಂದಿ. ಆದರೆ ಇವೆಲ್ಲ ಹವ್ಯಾಸಿಗಳ ಸ್ಪರ್ಧೆಗಳು, ಅಂದರೆ ದುಡ್ಡಿನ ಗೊಡವೆ ಇಲ್ಲದ ಮನೆತನಗಳ ಹೆಣ್ಣುಮಕ್ಕಳ ಸ್ಪರ್ಧೆಗಳು. ಆಟದಿಂದ ಅನ್ನ ಸಂಪಾದಿಸಬೇಕಾದ ಹೆಣ್ಣಿಗೆ ಅಲ್ಲಿ ಜಾಗವಿರಲಿಲ್ಲ. 1934ರಲ್ಲಿ ಹೆಲೆನ್ ಹಿಕ್ಸ್ ವೃತ್ತಿಪರರಾದಾಗ ಅವರಿಗೆ ಸಂಬಳ ಕೊಟ್ಟದ್ದು ಕ್ರೀಡಾ ಸಾಮಗ್ರಿ ತಯಾರಿಸುವ ವಿಲ್ಸನ್ ಕಂಪನಿ. ಊರೂರು ತಿರುಗಿ ಆಟ ತೋರಿಸಿ ಸಾಮಾನು ಮಾರಲು ನೆರವಾಗುವುದೇ ಅವರ ಕೆಲಸವಾಗಿತ್ತು. ವೃತ್ತಿಪರರೂ ಆಡಬಹುದಾದ ವೆಸ್ಟರ್ನ್ ಓಪನ್ 1930ರಲ್ಲಿ, ಆಗಸ್ಟಾದ ಟೈಟಲ್‌ಹೋಲ್ಡರ್ಸ್ 1937ರಲ್ಲಿ ಶುರುವಾದವು. ಗೌರವ ಇತ್ತು, ಹೊಟ್ಟೆ ತುಂಬುವಷ್ಟು ಹಣ ಇರಲಿಲ್ಲ. ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದಿದ್ದ ಬೇಬ್ ಝಹಾರಿಯಸ್ ಅವರನ್ನು ಗಾಲ್ಫ್‌ಗೆ ಬಂದ ಹೊಸದರಲ್ಲಿ, 1935ರಲ್ಲಿ, ವೃತ್ತಿಪರಳೆಂದು ಹವ್ಯಾಸಿ ಸ್ಪರ್ಧೆಗಳಿಂದ ಹೊರಗಿಟ್ಟದ್ದು ಇದೇ ಯುಎಸ್‌ಜಿಎ. ಮುಂದೆ ಆಟಗಾರ್ತಿಯರು ಪಟ್ಟವನ್ನು ಒಪ್ಪಿಸಿದ್ದು ಎಂಥ ಸಂಸ್ಥೆಗೆ ಎಂಬುದನ್ನು ಅಳೆಯುವಾಗ ಈ ಸಂಗತಿ ಮರೆಯಬಾರದು.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1944ರಲ್ಲಿ ಮೂವರು ಹೆಂಗಸರು ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು, ಅಂದರೆ ಡಬ್ಲ್ಯುಪಿಜಿಎಯನ್ನು ಹುಟ್ಟುಹಾಕಿದರು. ನಾರ್ತ್ ಕ್ಯಾರೊಲಿನಾದ ಹೋಪ್ ಸೈನಿಯಸ್ ಅವರಲ್ಲಿ ಮುಂದಾಳು. ಜೊತೆಗಿದ್ದವರು 1941ರ ಹವ್ಯಾಸಿ ಚಾಂಪಿಯನ್ ಬೆಟ್ಟಿ ಹಿಕ್ಸ್ ಮತ್ತು ಕಾಲೇಜಿನಲ್ಲಿ ಗಾಲ್ಫ್ ಕಲಿಸುತ್ತಿದ್ದ ಎಲೆನ್ ಗ್ರಿಫಿನ್. ಎರಡು ವರ್ಷದ ತರುವಾಯ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ನಗರದಲ್ಲಿ ಮೊದಲ ಮಹಿಳಾ ಓಪನ್ ನಡೆಯಿತು. ಬಹುಮಾನ ನಿಧಿ 19,700 ಡಾಲರ್. ಅದನ್ನು ಯುದ್ಧದ ಬಾಂಡ್‌ಗಳ ರೂಪದಲ್ಲಿ ಕೊಡಲಾಯಿತು. ಫೈನಲ್ ಪಂದ್ಯದಲ್ಲಿ ಬೆಟ್ಟಿ ಜೇಮ್ಸನ್ ಅವರನ್ನು ಸೋಲಿಸಿದ ಪ್ಯಾಟಿ ಬರ್ಗ್ ಪಾಲಿಗೆ 5,600 ಡಾಲರ್ ಬಂತು. ಆ ಕಾಲಕ್ಕೆ ಇದು ಬೆರಗು ಹುಟ್ಟಿಸುವ ಹಣ. ಆದರೆ ಹಣ ಬಂದದ್ದು ಸ್ಪೊಕೇನ್ ಅಥ್ಲೆಟಿಕ್ ರೌಂಡ್ ಟೇಬಲ್ ಎಂಬ ಸ್ಥಳೀಯ ಕ್ಲಬ್ಬಿನಿಂದ, ಅದರ ಸ್ಲಾಟ್ ಮಷೀನ್ ಜೂಜಿನ ಆದಾಯದಿಂದ. ಮರುವರ್ಷ ಟೂರ್ನಿ ಗ್ರೀನ್ಸ್‌ಬರೊಗೆ ಹೋದಾಗ ಅಂಥ ದಾನಿ ಸಿಗಲಿಲ್ಲ, ಬಹುಮಾನ ತೀರ ಇಳಿಯಿತು. ಅಲ್ಲಿ ಜೇಮ್ಸನ್ 72 ಹೋಲ್‌ಗಳನ್ನು 295 ಹೊಡೆತಗಳಲ್ಲಿ ಮುಗಿಸಿ, ಮುನ್ನೂರರ ಗಡಿಯೊಳಗೆ ಆಡಿದ ಮೊದಲ ಮಹಿಳೆಯಾದರು. ಆಟದ ಮಟ್ಟ ಏರುತ್ತಿತ್ತು, ಆಟ ನಡೆಸುವ ಬೊಕ್ಕಸ ಬರಿದಾಗುತ್ತಿತ್ತು. ಒಬ್ಬ ಉದಾರಿಯನ್ನು ನಂಬಿದ ಪಟ್ಟದ ಗತಿ ಏನು ಎಂಬ ಮೊದಲ ಪಾಠವನ್ನು ಈ ಚಾಂಪಿಯನ್‌ಷಿಪ್ ತನ್ನ ಎರಡನೆಯ ವರ್ಷದಲ್ಲೇ ಕಲಿಯಿತು.

ಡಬ್ಲ್ಯುಪಿಜಿಎ ಹೆಚ್ಚು ಕಾಲ ನಿಲ್ಲಲಿಲ್ಲ. 1949ರಿಂದ 1952ರವರೆಗೆ ಓಪನ್‌ನ ಹೊಣೆ ಹೊತ್ತದ್ದು 1950ರಲ್ಲಿ ವಿಧಿಬದ್ಧವಾಗಿ ಸ್ಥಾಪನೆಯಾದ ಎಲ್‌ಪಿಜಿಎ. ಪ್ಯಾಟಿ ಬರ್ಗ್, ಬೇಬ್ ಝಹಾರಿಯಸ್, ಲೂಯಿಸ್ ಸಗ್ಸ್, ಬೆಟ್ಟಿ ಜೇಮ್ಸನ್, ಹದಿಹರೆಯದ ಮಾರ್ಲೀನ್ ಬಾವರ್ ಸೇರಿ ಹದಿಮೂರು ಮಂದಿ ಅದರ ಸ್ಥಾಪಕರು. ಬರ್ಗ್ ಮೊದಲ ಅಧ್ಯಕ್ಷೆ. ಟೂರ್ನಿ ವ್ಯವಸ್ಥಾಪಕರಾಗಿದ್ದ ಫ್ರೆಡ್ ಕೊರ್ಕೊರನ್ ಅವರ ಸಂಬಳ ಕೊಡುತ್ತಿದ್ದುದು ಮತ್ತದೇ ವಿಲ್ಸನ್ ಕಂಪನಿ. ಉಳಿದದ್ದೆಲ್ಲ ಆಟಗಾರ್ತಿಯರದೇ ದುಡಿಮೆ: ಕಾರಿನಲ್ಲಿ ಊರಿಂದೂರಿಗೆ ಪಯಣ, ಮೈದಾನದ ಸಿದ್ಧತೆ, ಬಾವುಟ ನೆಡುವುದು, ಪತ್ರಿಕೆಯವರನ್ನು ಕರೆಯುವುದು, ನಿಯಮದ ತಕರಾರು ಬಂದರೆ ತೀರ್ಪು ಹೇಳುವುದು. ಈ ಕಾಲವನ್ನು ಸಾಹಸದ ಕಾಲವೆಂದು ಹೊಗಳುವವರು ಅದರೊಳಗಿನ ಇಕ್ಕಟ್ಟನ್ನು ಮರೆಯುತ್ತಾರೆ. ಬೆಳಿಗ್ಗೆ ಎದುರಾಳಿಯಾಗಿ ಆಡಿದವರು ಸಂಜೆ ಆಕೆಯ ಮೇಲೆ ತೀರ್ಪುಗಾರರಾಗಬೇಕಿತ್ತು. ದೇಶದ ಅತಿ ದೊಡ್ಡ ಪಟ್ಟಕ್ಕೆ ಅಂಥ ಏರ್ಪಾಡು ಸಲ್ಲದು ಎಂದು ಮನಗಂಡು, 1953ರ ಓಪನ್ ನಡೆಸಿಕೊಡುವಂತೆ ಎಲ್‌ಪಿಜಿಎಯೇ ಯುಎಸ್‌ಜಿಎಯನ್ನು ಕೇಳಿಕೊಂಡಿತು. ರೋಚೆಸ್ಟರ್ ಕಂಟ್ರಿ ಕ್ಲಬ್ಬಿನಲ್ಲಿ ಆ ವರ್ಷ ಬೆಟ್ಸಿ ರಾಲ್ಸ್ ಮತ್ತು ಹವಾಯಿಯ ಜ್ಯಾಕಿ ಪಂಗ್ ಸಮಬಲದಲ್ಲಿ ನಿಂತು, ಪ್ಲೇಆಫ್‌ನಲ್ಲಿ ರಾಲ್ಸ್ ಗೆದ್ದರು.

ಹೊಸ ಕಾವಲುಗಾರರ ನಿಷ್ಠುರತೆ ಎಂಥದ್ದು ಎಂದು ತಿಳಿಯಲು ನಾಲ್ಕೇ ವರ್ಷ ಸಾಕಾಯಿತು, ಅದೂ ಅದೇ ಇಬ್ಬರ ಪಾಲಿಗೆ. 1957ರಲ್ಲಿ ವಿಂಗ್ಡ್ ಫುಟ್ ಮೈದಾನದಲ್ಲಿ ಜ್ಯಾಕಿ ಪಂಗ್ 298 ಹೊಡೆತಗಳಲ್ಲಿ ಆಟ ಮುಗಿಸಿ, ರಾಲ್ಸ್ ಅವರಿಗಿಂತ ಒಂದು ಹೊಡೆತ ಮುಂದಿದ್ದರು. ಆದರೆ ಅವರು ಸಹಿ ಹಾಕಿದ ಸ್ಕೋರ್ ಕಾರ್ಡಿನಲ್ಲಿ ನಾಲ್ಕನೆಯ ಹೋಲ್‌ನ ಎದುರು ಆರರ ಬದಲು ಐದು ಎಂದಿತ್ತು. ಒಟ್ಟು ಮೊತ್ತ ಸರಿಯಾಗಿಯೇ ಇತ್ತು, ಮೋಸದ ಸುಳಿವೂ ಇರಲಿಲ್ಲ. ಆದರೂ ನಿಯಮದ ಪ್ರಕಾರ ಅವರನ್ನು ಅನರ್ಹಗೊಳಿಸಿ ಪಟ್ಟವನ್ನು ರಾಲ್ಸ್ ಅವರಿಗೆ ಕೊಡಲಾಯಿತು. ಮನನೊಂದ ಕ್ಲಬ್ ಸದಸ್ಯರು ಅಲ್ಲೇ ಚಂದಾ ಎತ್ತಿ, ಗೆದ್ದವರಿಗೆ ಸಂದ ಬಹುಮಾನಕ್ಕಿಂತ ಹೆಚ್ಚಿನ ಹಣವನ್ನು ಪಂಗ್ ಕೈಗಿತ್ತರು. ಈ ಪ್ರಕರಣವನ್ನು ಯುಎಸ್‌ಜಿಎಯ ಕಲ್ಲುಮನಸ್ಸಿಗೆ ಸಾಕ್ಷಿಯಾಗಿ ಹೇಳುವವರಿದ್ದಾರೆ. ನನ್ನ ಓದು ಬೇರೆ. ಕರುಣೆ ತೋರಲು ಕ್ಲಬ್ಬಿನವರಿದ್ದರು, ನಿಯಮ ಕಾಯಲು ಬೇರೊಬ್ಬರಿದ್ದರು. ಎರಡೂ ಕೆಲಸ ಒಂದೇ ಕೈಗೆ ಬಿದ್ದಿದ್ದರೆ ಎರಡೂ ಕೆಡುತ್ತಿದ್ದವು. ಪಂಗ್ ಅವರ ದುಃಖ ದೊಡ್ಡದು. ಆದರೆ ಆ ತೀರ್ಪಿನ ಹಿಂದೆ ಯಾವ ಎದುರಾಳಿಯ ಹಿತವೂ ಇತ್ತೆಂದು ಯಾರೂ ಆಡಲಿಲ್ಲ, ಆಡುವಂತೆಯೂ ಇರಲಿಲ್ಲ.

ಎದುರಾಳಿಗಳೇ ತೀರ್ಪು ಹೇಳಿದಾಗ ಏನಾಗುತ್ತದೆ ಎಂಬುದಕ್ಕೆ ಎಲ್‌ಪಿಜಿಎಯ ಸ್ವಂತ ಟೂರ್ನಿಯೊಂದರಲ್ಲಿ, 1972ರಲ್ಲಿ, ಪುರಾವೆ ಸಿಕ್ಕಿತು. ಆ ವರ್ಷದ ಮೇ ತಿಂಗಳಲ್ಲಿ ಲೂಯಿವಿಲ್‌ನ ಬ್ಲೂಗ್ರಾಸ್ ಟೂರ್ನಿಯ ವೇಳೆ ಜೇನ್ ಬ್ಲಾಲಾಕ್ ಗ್ರೀನ್ ಮೇಲೆ ಚೆಂಡಿನ ಗುರುತನ್ನು ಸರಿಸಿದರು ಎಂಬ ಆರೋಪ ಬಂತು. ಸಂಘದ ಕಾರ್ಯಕಾರಿ ಮಂಡಳಿ ಅವರನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು. ಮಂಡಳಿಯಲ್ಲಿ ಕೂತಿದ್ದವರೆಲ್ಲ ಅವರೊಂದಿಗೆ ಅದೇ ಬಹುಮಾನಕ್ಕೆ ಸೆಣಸುತ್ತಿದ್ದ ಆಟಗಾರ್ತಿಯರು. ಬ್ಲಾಲಾಕ್ ಹಿಂದಿನ ತಿಂಗಳಷ್ಟೇ ಅಂದಿನ ಅತಿ ಶ್ರೀಮಂತ ಟೂರ್ನಿ ಗೆದ್ದು ಬಂದವರು. ಬ್ಲಾಲಾಕ್ ನ್ಯಾಯಾಲಯಕ್ಕೆ ಹೋದರು. ಸ್ಪರ್ಧಿಗಳೇ ಸೇರಿ ಒಬ್ಬ ಸ್ಪರ್ಧಿಯನ್ನು ಮಾರುಕಟ್ಟೆಯಿಂದ ಹೊರಹಾಕುವುದು ಏಕಸ್ವಾಮ್ಯ ವಿರೋಧಿ ಕಾಯ್ದೆಗೆ ವಿರುದ್ಧ ಎಂದು ಫೆಡರಲ್ ನ್ಯಾಯಾಲಯ 1973ರಲ್ಲಿ ತೀರ್ಪಿತ್ತಿತು. ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯೇ ಆಗಲಿಲ್ಲ. ವಿಚಾರಿಸಿದವರು ಯಾರು ಎಂಬುದೇ ಮುಖ್ಯವಾಯಿತು. ಆಮೇಲೆ ಎಲ್‌ಪಿಜಿಎ ತನ್ನ ಆಡಳಿತವನ್ನು ಬದಲಿಸಿಕೊಂಡು 1975ರಲ್ಲಿ ರೇ ವೋಲ್ಪೆ ಅವರನ್ನು ಕಮಿಷನರ್ ಆಗಿ ನೇಮಿಸಿತು. ಓಪನ್‌ನ ಮಟ್ಟಿಗೆ 1953ರಲ್ಲೇ ಕಂಡುಕೊಂಡಿದ್ದ ಸತ್ಯವನ್ನು ತನ್ನ ಉಳಿದ ಟೂರ್ನಿಗಳ ಮಟ್ಟಿಗೆ ಒಪ್ಪಿಕೊಳ್ಳಲು ಸಂಘಕ್ಕೆ ಎರಡು ದಶಕ ಮತ್ತು ಒಂದು ಮೊಕದ್ದಮೆ ಬೇಕಾದವು.

ಇನ್ನು ಪ್ರಾಯೋಜಕರನ್ನು ಮತ್ತು ಆತಿಥೇಯ ಕ್ಲಬ್ಬುಗಳನ್ನು ನೆಚ್ಚಿದ ಪಟ್ಟಗಳ ಕಥೆ. ಮಹಿಳಾ ಗಾಲ್ಫ್‌ನಲ್ಲಿ ಮೇಜರ್ ಎಂದು ಎಣಿಸುವ ಅಗ್ರ ಟೂರ್ನಿಗಳ ಸಂಖ್ಯೆಯೇ ಒಂದು ಕಡೆ ನಿಂತಿಲ್ಲ. ಟೈಟಲ್‌ಹೋಲ್ಡರ್ಸ್ 1966ಕ್ಕೆ ನಿಂತು, 1972ರಲ್ಲಿ ಒಮ್ಮೆ ತಲೆಯೆತ್ತಿ ಮತ್ತೆ ಮಲಗಿತು. ವೆಸ್ಟರ್ನ್ ಓಪನ್ 1967ಕ್ಕೆ ಮುಗಿಯಿತು. ಹೀಗಾಗಿ 1968ರಿಂದ 1971ರವರೆಗೆ ಮೇಜರ್‌ಗಳು ಎರಡೇ: ಓಪನ್ ಮತ್ತು 1955ರಲ್ಲಿ ಶುರುವಾದ ಎಲ್‌ಪಿಜಿಎ ಚಾಂಪಿಯನ್‌ಷಿಪ್. ಕೆನಡಾದ ಡು ಮೋರಿಯೆ 1979ರಲ್ಲಿ ಮೇಜರ್ ಆಯಿತು; ಅದು ಸಿಗರೇಟಿನ ಹೆಸರು, ತಂಬಾಕು ಪ್ರಾಯೋಜಕತ್ವಕ್ಕೆ ಕೆನಡಾದ ಕಾನೂನು ಕಡಿವಾಣ ಹಾಕಿದಾಗ 2000ಕ್ಕೆ ಆ ಮೇಜರ್ ಕೂಡ ಹೋಯಿತು. ಅದರ ಜಾಗಕ್ಕೆ 2001ರಲ್ಲಿ ಬಂದ ಬ್ರಿಟಿಷ್ ಮಹಿಳಾ ಓಪನ್ ಕೂಡ 1983ರಲ್ಲಿ ಪ್ರಾಯೋಜಕರಿಲ್ಲದೆ ನಡೆದೇ ಇರಲಿಲ್ಲ. ಇದರ ಪರಿಣಾಮ ಆಟಗಾರ್ತಿಯರ ಕೀರ್ತಿಯ ಮೇಲೂ ಆಯಿತು. ಹದಿನೈದು ಮೇಜರ್ ಗೆದ್ದು ಇಂದಿಗೂ ಮಹಿಳೆಯರಲ್ಲಿ ಮೊದಲ ಸ್ಥಾನದಲ್ಲಿರುವವರು ಪ್ಯಾಟಿ ಬರ್ಗ್. ಅವುಗಳಲ್ಲಿ ಏಳು ಟೈಟಲ್‌ಹೋಲ್ಡರ್ಸ್, ಏಳು ವೆಸ್ಟರ್ನ್ ಓಪನ್; ಇಂದು ಜೀವಂತವಾಗಿರುವ ಟೂರ್ನಿಯಲ್ಲಿ ಗೆದ್ದದ್ದು ಒಂದೇ, ಸ್ಪೊಕೇನ್‌ನ ಓಪನ್. ಮಿಕ್ಕಿ ರೈಟ್ ಅವರ ಹದಿಮೂರರಲ್ಲೂ ಐದು ಹೀಗೆ ಅಳಿದ ಟೂರ್ನಿಗಳವು. ಅಳಿದ ಪಟ್ಟಗಳಲ್ಲಿ ಗೆದ್ದವರ ಹಿರಿಮೆಯನ್ನು ಇಂದಿನ ಓದುಗರಿಗೆ ಪ್ರತಿಸಲ ವಿವರಿಸಿ ಹೇಳಬೇಕಾಗಿದೆ. ಓಪನ್‌ಗೆ ಮಾತ್ರ ಆ ಕಷ್ಟವಿಲ್ಲ. 1946ರಿಂದ ಅದು ಒಂದು ವರ್ಷವೂ ತಪ್ಪಿಲ್ಲ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಪುರುಷರ ಓಪನ್ ರದ್ದಾದರೂ ಇದು ಜೂನ್‌ನಿಂದ ಡಿಸೆಂಬರ್‌ಗೆ ಸರಿದು ಹ್ಯೂಸ್ಟನ್‌ನಲ್ಲಿ ನಡೆಯಿತು.

ಬಾಳಿಕೆಯಷ್ಟೇ ಮುಖ್ಯವಾದದ್ದು ಬಾಗಿಲು. ಓಪನ್ ಎಂದ ಮೇಲೆ ಅರ್ಹತಾ ಸುತ್ತು ಗೆದ್ದ ಯಾರಾದರೂ ಆಡಬಹುದು, ಹವ್ಯಾಸಿಯೂ ಆಡಬಹುದು. ಸದಸ್ಯರ ಹಿತ ಕಾಯಬೇಕಾದ ಸಂಘಕ್ಕೆ ಈ ಔದಾರ್ಯ ಸುಲಭವಲ್ಲ. 1967ರಲ್ಲಿ ಫ್ರಾನ್ಸಿನ ಕ್ಯಾಥರೀನ್ ಲಕೋಸ್ತ್ ಎಂಬ ಹವ್ಯಾಸಿ ಎಲ್ಲ ವೃತ್ತಿಪರರನ್ನೂ ಹಿಂದಿಕ್ಕಿ ಗೆದ್ದರು. ಈವರೆಗೆ ಹಾಗೆ ಗೆದ್ದ ಹವ್ಯಾಸಿ ಅವರೊಬ್ಬರೇ. 1987ರಲ್ಲಿ ಇಂಗ್ಲೆಂಡಿನ ಲಾರಾ ಡೇವಿಸ್ ಗೆದ್ದಾಗ ಅವರು ಎಲ್‌ಪಿಜಿಎ ಸದಸ್ಯೆಯೂ ಆಗಿರಲಿಲ್ಲ. ಅವರನ್ನು ಸೇರಿಸಿಕೊಳ್ಳಲು ಸಂಘ ತನ್ನ ನಿಯಮಾವಳಿಯನ್ನೇ ತಿದ್ದಬೇಕಾಯಿತು. 1998ರಲ್ಲಿ ಬ್ಲ್ಯಾಕ್‌ವುಲ್ಫ್ ರನ್‌ನಲ್ಲಿ ದಕ್ಷಿಣ ಕೊರಿಯಾದ ಪಾಕ್ ಸೆ ರಿ, ಜೆನ್ನಿ ಚುವಾಸಿರಿಪೋರ್ನ್ ಎಂಬ ಹವ್ಯಾಸಿಯ ಎದುರು ಇಪ್ಪತ್ತು ಹೋಲ್‌ಗಳ ಪ್ಲೇಆಫ್ ಆಡಿ ಗೆದ್ದರು. ಶೂ ಕಳಚಿ ನೀರಿಗಿಳಿದು ಅವರು ಹೊಡೆದ ಹೊಡೆತವನ್ನು ಟಿವಿಯಲ್ಲಿ ಕಂಡ ಒಂದು ಪೀಳಿಗೆಯ ಕೊರಿಯನ್ ಹುಡುಗಿಯರು ಗಾಲ್ಫ್ ಹಿಡಿದರು. 2008ರಿಂದ 2020ರವರೆಗಿನ ಹದಿಮೂರು ಓಪನ್‌ಗಳಲ್ಲಿ ಒಂಬತ್ತನ್ನು ಗೆದ್ದದ್ದು ಕೊರಿಯಾದವರು. ಇದೇ ಅವಧಿಯ ಆರಂಭದಲ್ಲಿ, 2008ರಲ್ಲಿ, ಎಲ್‌ಪಿಜಿಎ ತನ್ನ ಆಟಗಾರ್ತಿಯರಿಗೆ ಇಂಗ್ಲಿಷ್ ಮಾತಾಡಲು ಬರದಿದ್ದರೆ ಅಮಾನತು ಮಾಡುವುದಾಗಿ ಸಾರಿ, ಟೀಕೆಯ ಸುರಿಮಳೆಗೆ ಬೆದರಿ ಅದನ್ನು ಕೈಬಿಟ್ಟಿತು. ಪ್ರಾಯೋಜಕರ ಅತಿಥಿಗಳೊಂದಿಗೆ ಹರಟುವುದೂ ಆಟಗಾರ್ತಿಯ ಕೆಲಸವೆಂದು ಕಾಣುವ ಸಂಸ್ಥೆಗೆ ಅಂಥ ನಿಯಮ ಹೊಳೆಯುತ್ತದೆ. ಚೆಂಡು ಹೋಲ್‌ಗೆ ಬಿತ್ತೇ ಎಂದಷ್ಟೇ ನೋಡುವ ಕಾವಲುಗಾರರಿಗೆ ಹೊಳೆಯುವುದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ಹೆಂಗಸರು ಕಟ್ಟಿದ್ದನ್ನು ಗಂಡಸರ ಮನೆಗೆ ಒಪ್ಪಿಸಿದಂತಾಗಲಿಲ್ಲವೇ? ಯುಎಸ್‌ಜಿಎಗೆ ಮಹಿಳೆಯೊಬ್ಬರು, ಜೂಡಿ ಬೆಲ್, ಅಧ್ಯಕ್ಷರಾದದ್ದು 1996ರಲ್ಲಿ. ಅಂದರೆ ಸಂಸ್ಥೆಗೆ ನೂರು ದಾಟಿದ ಮೇಲೆ. ಹೆಸರಾಂತ ಮೈದಾನಗಳು ಬಹುಕಾಲ ಗಂಡಸರಿಗೇ ಮೀಸಲಾಗಿದ್ದವು. ಪೆಬಲ್ ಬೀಚ್‌ನಲ್ಲಿ ಪುರುಷರ ಓಪನ್ ಆರು ಬಾರಿ ನಡೆದ ಮೇಲೆ, 2023ರಲ್ಲಿ, ಮಹಿಳಾ ಓಪನ್‌ಗೆ ಅಲ್ಲಿ ಮೊದಲ ಸಲ ಜಾಗ ಸಿಕ್ಕಿತು. 2024ರಲ್ಲಿ ಮಹಿಳೆಯರ ಬಹುಮಾನ ನಿಧಿ 1.2 ಕೋಟಿ ಡಾಲರ್, ಪುರುಷರದು 2.15 ಕೋಟಿ. ಟೆನಿಸ್‌ನ ಅಮೆರಿಕನ್ ಓಪನ್ 1973ರಲ್ಲೇ ಸಮಾನ ಬಹುಮಾನ ಕೊಟ್ಟದ್ದನ್ನು ನೆನೆದರೆ ಇದಕ್ಕೆ ಸಮಜಾಯಿಷಿ ಇಲ್ಲ. ಈ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಇದರಿಂದ ಸಾಬೀತಾಗುವುದು ಕಾವಲುಗಾರರು ತಮ್ಮ ಹೊಣೆಯನ್ನು ಪೂರ್ತಿ ನೆರವೇರಿಸಿಲ್ಲ ಎಂಬುದು. ಹೊಣೆಯನ್ನು ಅವರಿಗೆ ಕೊಟ್ಟದ್ದೇ ತಪ್ಪು ಎಂಬುದಲ್ಲ. ಆಟಗಾರ್ತಿಯರು 1953ರಲ್ಲಿ ತಮ್ಮ ಸಂಘವನ್ನು ಬಿಟ್ಟುಕೊಡಲಿಲ್ಲ, ಟೂರ್ ಅವರ ಬಳಿಯೇ ಉಳಿಯಿತು. ಕೊಟ್ಟದ್ದು ಒಂದು ಪಟ್ಟದ ನಿಯಮ ಮತ್ತು ನಿರ್ವಹಣೆ ಮಾತ್ರ. ಸಮಾನತೆಯನ್ನು ಕೇಳಲು ಇಂದು ಒಂದು ವಿಳಾಸವಿದೆ, ಉತ್ತರ ಕೊಡಲೇಬೇಕಾದ ಒಂದು ಸಂಸ್ಥೆಯಿದೆ. ಮುಚ್ಚಿಹೋದ ವೆಸ್ಟರ್ನ್ ಓಪನ್‌ನ ಬಳಿ ಯಾರು ಏನು ಕೇಳಲಾದೀತು?

ಎರಡನೆಯ ಆಕ್ಷೇಪ ವ್ಯವಹಾರಜ್ಞರದು: ಮಹಿಳಾ ಗಾಲ್ಫ್‌ಗೆ ಹಣ ತಂದವರು ಪ್ರಾಯೋಜಕರೇ ಅಲ್ಲವೇ? ನಿಜ. 1972ರಲ್ಲಿ ಕೋಲ್ಗೇಟ್ ಕಂಪನಿ ಗಾಯಕಿ ಡೈನಾ ಶೋರ್ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಮಿಷನ್ ಹಿಲ್ಸ್‌ನಲ್ಲಿ ಟೂರ್ನಿ ಶುರುಮಾಡಿ 1,10,000 ಡಾಲರ್ ಇಟ್ಟಾಗ ಆಟದ ಅಂತಸ್ತೇ ಬದಲಾಯಿತು. ಬ್ಲಾಲಾಕ್ ಗೆದ್ದು 20,000 ಡಾಲರ್ ಪಡೆದದ್ದು ಅದರಲ್ಲೇ. 1983ರಲ್ಲಿ ಅದು ಮೇಜರ್ ಕೂಡ ಆಯಿತು. ಆದರೆ ಕೋಲ್ಗೇಟ್ ಹೋಗಿ ನಬಿಸ್ಕೊ, ಆಮೇಲೆ ಕ್ರಾಫ್ಟ್, ಎಎನ್‌ಎ, ಶೆವ್ರಾನ್ ಎಂದು ಹೆಸರು ಬದಲಾಗುತ್ತ, ಅರ್ಧ ಶತಮಾನದ ನೆಲವನ್ನೇ ಬಿಟ್ಟು 2023ರಲ್ಲಿ ಅದು ಟೆಕ್ಸಾಸ್‌ಗೆ ಗುಳೆ ಹೋಯಿತು. 2008ರ ಆರ್ಥಿಕ ಕುಸಿತ ಬಂದಾಗ ಎಲ್‌ಪಿಜಿಎ ವೇಳಾಪಟ್ಟಿ 34 ಟೂರ್ನಿಗಳಿಂದ 2011ರ ಹೊತ್ತಿಗೆ 23ಕ್ಕೆ ಇಳಿಯಿತು. ಪ್ರಾಯೋಜಕರ ಹಣ ಮಳೆಯಿದ್ದಂತೆ. ಬೇಕು, ಆದರೆ ಕೆರೆಯಿಲ್ಲದ ಊರಿಗೆ ಎಷ್ಟು ಸುರಿದರೂ ನಿಲ್ಲುವುದಿಲ್ಲ. 2022ರಲ್ಲಿ ಪ್ರೊಮೆಡಿಕಾ ಸಂಸ್ಥೆಯ ನೆರವಿನೊಂದಿಗೆ ಓಪನ್‌ನ ಬಹುಮಾನ 55 ಲಕ್ಷದಿಂದ ಒಂದು ಕೋಟಿ ಡಾಲರ್‌ಗೆ ಏರಿತು. ಆದರೆ ಅದರ ಹೆಸರು ಟೂರ್ನಿಯ ಹೆಸರಿನ ಹಿಂದೆ ಬಂತು, ಮುಂದೆ ಬರಲಿಲ್ಲ. ಎರಡು ಟೂರ್ನಿ ಕಳೆಯುವಷ್ಟರಲ್ಲಿ ಅದು ದೂರವಾದರೂ ಬಹುಮಾನ ಇಳಿಯಲಿಲ್ಲ, ಮತ್ತೊಬ್ಬರು ಬಂದರು, ಮೊತ್ತ ಇನ್ನೂ ಏರಿತು. ಎಲ್‌ಪಿಜಿಎ ಕೂಡ ಇದನ್ನು ಮನಗಂಡಿರಬೇಕು. ಹಲವು ಕಂಪನಿಗಳ ಹೆಸರು ಹೊತ್ತು ಸೊರಗಿದ್ದ ತನ್ನ ಸ್ವಂತ ಚಾಂಪಿಯನ್‌ಷಿಪ್ಪನ್ನು 2015ರಲ್ಲಿ ಅದು ಪಿಜಿಎ ಆಫ್ ಅಮೆರಿಕಕ್ಕೆ ಒಪ್ಪಿಸಿತು. ಆ ಮೇಲೆ ಅದಕ್ಕೆ ಹೆಸರಾಂತ ಮೈದಾನಗಳೂ ಓಪನ್‌ಗೆ ಸರಿಗಟ್ಟುವ ಬಹುಮಾನವೂ ದಕ್ಕಿದವು. 1953ರ ತೀರ್ಮಾನವನ್ನು ಅರವತ್ತೆರಡು ವರ್ಷಗಳ ಬಳಿಕ ಸಂಘ ತಾನೇ ಮತ್ತೊಮ್ಮೆ ತೆಗೆದುಕೊಂಡಿತು ಎಂದರೆ ತಪ್ಪಲ್ಲ.

ಮೂರನೆಯ ಆಕ್ಷೇಪ ಅಭಿಮಾನಿಗಳದು: ಆಟವನ್ನು ಬೆಳೆಸಿದವರು ಸಾಧಕಿಯರು, ಸಂಸ್ಥೆಗಳಲ್ಲ. 88 ಟೂರ್ನಿ ಗೆದ್ದ ಕ್ಯಾಥಿ ವಿಟ್‌ವರ್ತ್ ಓಪನ್ ಗೆಲ್ಲಲೇ ಇಲ್ಲ. 1978ರಲ್ಲಿ ಒಂಬತ್ತು ಟೂರ್ನಿ ಗೆದ್ದು ದೇಶವನ್ನೇ ಮರುಳುಮಾಡಿದ ನ್ಯಾನ್ಸಿ ಲೋಪೆಜ್ ಕೂಡ ಗೆಲ್ಲಲಿಲ್ಲ. ಅವರ ಕೀರ್ತಿಗೆ ಓಪನ್ ಬೇಕಾಯಿತೇ? ಬೇಕಾಗಲಿಲ್ಲ. ಆದರೆ 1997ರಲ್ಲಿ ಲೋಪೆಜ್ ಈ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಸುತ್ತನ್ನೂ ಎಪ್ಪತ್ತರೊಳಗೆ ಮುಗಿಸಿದ ಮೊದಲಿಗರಾಗಿಯೂ ಅಲಿಸನ್ ನಿಕೋಲಸ್ ಅವರಿಗೆ ಒಂದು ಹೊಡೆತದಿಂದ ಸೋತದ್ದನ್ನು ಜನ ಇನ್ನೂ ನೆನೆಯುತ್ತಾರೆ. ಸಿಗದ ಪಟ್ಟವೊಂದು ಹೀಗೆ ಕೊರತೆಯಾಗಿ ಕಾಣಬೇಕಾದರೆ ಅದು ವರ್ಷ ವರ್ಷವೂ ಅದೇ ಹೆಸರಿನಲ್ಲಿ, ಅದೇ ನಿಯಮದಲ್ಲಿ, ಅದೇ ಕಾಠಿಣ್ಯದಲ್ಲಿ ನಡೆದುಬಂದಿರಬೇಕು. ಸಾಧಕಿ ಅಳತೆಗೋಲನ್ನು ಮೀರಬಹುದು. ಅಳತೆಗೋಲನ್ನು ಕಾಯುವ ಕೆಲಸವನ್ನು ಮಾತ್ರ ಸಂಸ್ಥೆಯೇ ಮಾಡಬೇಕು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಮರುವರ್ಷ, 1954ರಲ್ಲಿ, ಬೇಬ್ ಝಹಾರಿಯಸ್ ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದದ್ದು ಇಂದಿಗೂ ಅಚ್ಚರಿಯಾಗಿ ಉಳಿದಿರುವುದು, ಅಂದಿನ ಅಳತೆಯೂ ಇಂದಿನ ಅಳತೆಯೂ ಒಂದೇ ಆಗಿರುವುದರಿಂದ. ಅವರನ್ನು ಒಮ್ಮೆ ಹೊರಗಿಟ್ಟ ಸಂಸ್ಥೆಯೇ ಅಂದು ಅವರಿಗೆ ಪಟ್ಟ ಕಟ್ಟಿತು ಎಂಬುದೂ ದಾಖಲೆಯಲ್ಲಿದೆ.

ಈ ಚರಿತ್ರೆ ನಮಗೆ ದೂರದ್ದಲ್ಲ. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. 2017ರಿಂದ ಎಲ್‌ಪಿಜಿಎಯಲ್ಲಿ ಆಡುತ್ತಿದ್ದಾರೆ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಮೈಸೂರಿನ ಪ್ರಣವಿ ಅರಸ್ ಅದೇ ಹಾದಿಯಲ್ಲಿದ್ದಾರೆ. ಅವರು ಆಡಿ ಬೆಳೆದ ನಮ್ಮ ದೇಶದ ಮಹಿಳಾ ಟೂರ್ ಮತ್ತು ಇಂಡಿಯನ್ ಓಪನ್ ಎರಡೂ ಪ್ರಾಯೋಜಕರ ಹೆಸರನ್ನು ಮುಂದಿಟ್ಟುಕೊಂಡೇ ನಡೆದಿವೆ. ಆ ಪ್ರಾಯೋಜಕರ ಉಪಕಾರ ಸಣ್ಣದಲ್ಲ. ಆದರೆ ನಾಳೆ ಅವರು ಹಿಂದೆ ಸರಿದರೆ ಪಟ್ಟ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಇಂದೇ ತೀರ್ಮಾನಿಸಬೇಕು. ರಾಷ್ಟ್ರೀಯ ಪಟ್ಟಕ್ಕೆ ತನ್ನದೇ ಹೆಸರು, ತನ್ನದೇ ಮೂಲಧನ, ಸ್ಪರ್ಧಿಗಳಿಂದಲೂ ಕಂಪನಿಗಳಿಂದಲೂ ದೂರವಿರುವ ನಿಯಮ ಸಮಿತಿ ಇರಬೇಕು. ಅದರೊಂದಿಗೆ, ಕಾವಲುಗಾರರ ಮನೆಯೊಳಗೆ ಮೊದಲ ದಿನದಿಂದಲೇ ಹೆಂಗಸರಿಗೆ ಅಧಿಕಾರದ ಪೀಠವಿರಬೇಕು. ಯುಎಸ್‌ಜಿಎಯಂತೆ ನೂರು ವರ್ಷ ಕಾಯಿಸುವಂತಾಗಬಾರದು. ಇಷ್ಟನ್ನು ಮಾಡಿಕೊಡಿ ಎಂದು ಭಾರತದ ಗಾಲ್ಫ್ ಆಡಳಿತಗಾರರನ್ನು ಕೇಳುವುದು ಅತಿಯಾಸೆಯೇನಲ್ಲ. ಹಣವೂ ಕಚೇರಿಯೂ ಇಲ್ಲದ ಹೆಂಗಸರ ಸಣ್ಣ ಗುಂಪೊಂದು 1953ರಲ್ಲೇ ಇದನ್ನು ಯೋಚಿಸಿ ಮಾಡಿ ತೋರಿಸಿದೆ.